ಮೋಟಾರು ಸೈಕಲ್ಲಿನ ವೇಗಮಾಪಕದ ದೋಷ: ನೋಂದಣಿ ನವೀಕರಣಕ್ಕೆ ಮುನ್ನ ಪರಿಶೀಲನೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 117ರನ್ವಯ ವಾಹನದಲ್ಲಿ ವೇಗಮಾಪಕ (ಸ್ಪೀಡೋಮೀಟರ್) ಇರತಕ್ಕದ್ದು. 15 ವರ್ಷ ಪೂರೈಸಿದ ವಾಹನಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವ ಹಾನಗಲ್ಲ, ಶಿಗ್ಗಾಂವ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಮಾಲೀಕರು ತಪಾಸಣೆಗೆ ಮುನ್ನವೇ ಇದನ್ನು ಸರಿಪಡಿಸಿಕೊಂಡಲ್ಲಿ ದೂರದ ಪ್ರಯಾಣ ವ್ಯರ್ಥವಾಗದು.

ಕೇಬಲ್ ಇರುವ ಹಳೆಯ ವಾಹನಗಳಲ್ಲಿ ಮುಳ್ಳು ಹಾಗೂ ಕಿಲೋಮೀಟರ್ ಅಂಕಿ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿರುವ ಅಥವಾ ಚಕ್ರದ ಬಳಿಯ ಗಿಯರ್ ಸವೆದಿರುವ ಸಾಧ್ಯತೆ ಹೆಚ್ಚು. ಅಂಕಿ ಓಡುತ್ತ ಮುಳ್ಳು ಮಾತ್ರ ನಿಂತಿದ್ದರೆ ದೋಷ ಮೀಟರಿನೊಳಗಿನದು. ಮುಳ್ಳು ನಡುಗುತ್ತಿದ್ದಲ್ಲಿ ಕೇಬಲ್ ಒಣಗಿರಬಹುದು.

ಮೂಲ ಅಳತೆಗಿಂತ ದೊಡ್ಡ ಟೈರ್ ಅಳವಡಿಸಿದಲ್ಲಿ ಮೀಟರ್ ನೈಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಇದೇ ಹೆಚ್ಚು ಅಪಾಯಕಾರಿ. ಮುಳ್ಳು ಗಂಟೆಗೆ 40 ಕಿ.ಮೀ.ನಲ್ಲಿ ಸ್ಥಿರವಾಗಿರುವಾಗ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 90 ಸೆಕೆಂಡು ತಗುಲಬೇಕು. ಅದಕ್ಕಿಂತ ಬೇಗ ತಲುಪಿದಲ್ಲಿ ಮೀಟರ್ ಕಡಿಮೆ ತೋರಿಸುತ್ತಿದೆ ಎಂದರ್ಥ. ಗಡಿಯಾರವನ್ನು ಹಿಂಬದಿ ಸವಾರರೇ ನೋಡತಕ್ಕದ್ದು.