ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ

ಒಡವೆಯೆಂದೊಡನೆ ನಮಗೆ ನೆನಪಾಗುವುದು ಚಿನ್ನ. ಬೆಳ್ಳಿಯ ಪಾಲಿಗೆ ಕಾಲುಂಗುರ, ಗೆಜ್ಜೆ, ಉಡಿದಾರ. ಆದರೆ ನಮ್ಮ ಯಲಹಂಕ, ಹೆಬ್ಬಾಳಗಳ ಮದುವೆಮನೆಗಳಲ್ಲಿ ಬೇರೊಂದು ಬಗೆಯ ಓಲೆಯನ್ನೂ ನಾನು ಕಂಡದ್ದುಂಟು. ಕಾಡಿಗೆಯಂಥ ಕಪ್ಪು ಬಿಲ್ಲೆ, ಅದರಲ್ಲಿ ಕೂದಲೆಳೆಯಂಥ ಬೆಳ್ಳಿಯ ಬಳ್ಳಿ. ಎನಾಮಲ್ ಕೆಲಸವೆಂದು ಭ್ರಮಿಸುವವರಿದ್ದಾರೆ. ಅದು ಬೀದರಿನ ಬಿದರಿ.

ಎನಾಮಲ್ ಅಥವಾ ಮೀನಾ ಕೆಲಸದಲ್ಲಿ ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಬೆಂಕಿಯಲ್ಲಿ ಕರಗಿಸುತ್ತಾರೆ. ಅಲ್ಲಿ ಬಣ್ಣ ಹೊರಗಿನಿಂದ ಬಂದ ನೆಂಟ. ಬಿದರಿಯ ಕಪ್ಪಾದರೋ ಲೋಹದ ಮೈಯಿಂದಲೇ ಹೊಮ್ಮುವುದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಬಳಿದು, ಉಳಿಯಿಂದ ಚಿತ್ತಾರ ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದೇ ತಾರಕಶಿ. ಪಾರಸಿಯಲ್ಲಿ ‘ತಾರ್’ ಎಂದರೆ ತಂತಿ, ‘ಕಶಿ’ ಎಂದರೆ ಎಳೆಯುವುದು. ಉಜ್ಜಿ ನಯಗೊಳಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಿಂದ ಬಣ್ಣ ಕಟ್ಟುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಬಹಮನಿ ಅರಸರು 15ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದರು. ಅವರ ಆಶ್ರಯ ಅರಸಿ ಬಂದ ಇರಾನಿನ ಕುಶಲಿಗಳ ಕೈವಾಡವೂ ಇಲ್ಲಿಯವರ ಕಸುಬೂ ಕೂಡಿ ಈ ಕಲೆ ಹುಟ್ಟಿತೆಂದು ಪ್ರತೀತಿ. ಮುಂದೆ ದಖ್ಖನಿನ ಶ್ರೀಮಂತರ ಮನೆಗಳಿಗೆ ಹುಕ್ಕಾ ಬುಡ, ಪಾನದಾನಿ, ಹೂಜಿಗಳನ್ನು ಒದಗಿಸಿತು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಹೋಯಿತು. ಹುಕ್ಕಾ ಹಿಂದೆ ಸರಿಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಕೊಳ್ಳುವ ಕೈಗಳೇ ಬದಲಾದ ಮೇಲೆ ಬಿದರಿಯೂ ಬದಲಾಗಬೇಕಾಯಿತು: ಗುಂಡಿ, ಪದಕ, ಬಳೆ, ಓಲೆ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

ಅರಮನೆಯ ಕಲೆ ಕಿವಿಯೋಲೆಗೆ ಇಳಿಯಿತೆಂದು ಮರುಗುವವರುಂಟು. ನಾನು ಮರುಗಲಾರೆ. ಹುಕ್ಕಾ ಬುಡವೂ ತನ್ನ ಕಾಲದ ಷೋಕಿಯೇ ಅಲ್ಲವೆ? ನನಗಿರುವ ಚಿಂತೆಯೇ ಬೇರೆ. ಚಿನ್ನದಂಗಡಿಯಲ್ಲಿ ನಾವು ಲೋಹಕ್ಕೆ ಬೆಲೆ ಕೊಟ್ಟು, ಕೂಲಿಯಲ್ಲಿ ಚೌಕಾಸಿ ಮಾಡುತ್ತೇವೆ. ಬಿದರಿಯಲ್ಲಿ ಸತು ಅಗ್ಗ, ಬೆಳ್ಳಿ ಎಳೆಯಷ್ಟೆ. ಉಳಿದದ್ದೆಲ್ಲ ಕೂಲಿಯೇ, ಕಣ್ಣು ಸವೆಸಿ ಮಾಡಿದ ದುಡಿಮೆ. ಅದನ್ನೂ ತಕ್ಕಡಿಯಲ್ಲಿಟ್ಟು, “ಇಷ್ಟು ಬೆಳ್ಳಿಗೆ ಇಷ್ಟು ಹಣವೆ?” ಎನ್ನುವವರೇ ಹೆಚ್ಚಾದರೆ, ಆ ಕುಶಲಿಯ ಮಗ ಉಳಿಯನ್ನೇಕೆ ಹಿಡಿದಾನು?