ಐವತ್ತು ಗಂಟೆಯ ಆಟ, ಎರಡು ಗಂಟೆಯ ಆಟ: ವಿಮರ್ಶಕರು ಯಾವುದಕ್ಕೆ ಮಣೆ ಹಾಕ್ತಾರೆ?

ಮೊಳಕಾಲ್ಮುರಿನಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ ಸ್ಟೀಮ್‌ನಲ್ಲಿ ಒಂದು ವಿಡಿಯೋ ಗೇಮ್ ಕೊಂಡ. ಮುನ್ನೂರ ಚಿಲ್ಲರೆ ರೂಪಾಯಿ. ರಾತ್ರಿ ಊಟ ಮುಗಿಸಿ ಕೂತವನು ಒಂದೂವರೆ ಗಂಟೆಯಲ್ಲಿ ಆಟ ಮುಗಿಸಿದ. ಕೊನೆಯಲ್ಲಿ ಕಣ್ಣೀರು ಬಂತಂತೆ. ಆದರೆ ಕಣ್ಣು ಒರೆಸಿಕೊಂಡ ಹತ್ತು ನಿಮಿಷಕ್ಕೆ ಮಾಡಿದ ಕೆಲಸ ಏನು ಗೊತ್ತಾ? ದುಡ್ಡು ವಾಪಸ್ ಕೊಡಿ ಅಂತ ಅರ್ಜಿ ಹಾಕಿದ. ಬಂದೂ ಬಂತು. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ಸ್ಟೀಮ್ ಸಾಮಾನ್ಯವಾಗಿ ಹಣ ಮರಳಿಸುತ್ತೆ. 2015ರಿಂದ ಇರುವ ನಿಯಮ ಅದು.

"ಆಟ ಚೆನ್ನಾಗೇ ಐತೆ ಮಾವ. ಆದ್ರೆ ಒಂದೂವರೆ ಗಂಟೆಗೆ ಅಷ್ಟು ದುಡ್ಡು ಜಾಸ್ತಿ ಆಯ್ತಲ್ವಾ?" ಅಂದ.

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಕ್ಕು ಸುಮ್ಮನಾಗ್ತಿದ್ದೆ. ಆದರೆ ಇವನು ಎರಡು ವರ್ಷದಿಂದ ತಾನೇ ಒಂದು ಆಟ ಕಟ್ಟುತ್ತಿರುವ ಹುಡುಗ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಎಬ್ಬಿಸಿ, ಆಡುವವರು ಎಲ್ಲಿ ಬೇಕಾದರೂ ತಿರುಗಾಡುವಂತೆ ಮಾಡಬೇಕು ಅನ್ನೋದು ಅವನ ಆಸೆ. "ಕಮ್ಮಿ ಅಂದ್ರೂ ಮೂವತ್ತು ಗಂಟೆ ಇರ್ಬೇಕು, ಇಲ್ಲಾಂದ್ರೆ ಯಾರೂ ಮೂಸೂ ನೋಡಲ್ಲ" ಅನ್ನೋದು ಅವನ ವಾದ. ದೀಪಾವಳಿಯೊಳಗೆ ಏನೂ ಆಗದಿದ್ದರೆ ಬೆಂಗಳೂರಿಗೆ ಹೋಗಿ ಕೆಲಸ ಹುಡುಕು ಅಂತ ಅವನ ಅಪ್ಪ, ಅಂದರೆ ನಮ್ಮ ಭಾವ, ಗಡುವು ಕೊಟ್ಟಿದ್ದಾರೆ. ಹಾಗಾಗಿ ಪ್ರಶ್ನೆ ನಮ್ಮ ಮನೆಯ ಪಾಲಿಗೆ ಬರೀ ಹರಟೆಯದ್ದಲ್ಲ: ಆಟ ಉದ್ದ ಇದ್ದಷ್ಟೂ, ಹರವು ದೊಡ್ಡದಿದ್ದಷ್ಟೂ ವಿಮರ್ಶಕರ ಮೆಚ್ಚುಗೆ ಹೆಚ್ಚುತ್ತಾ?

ಮೊದಲು ಅಳತೆಗೋಲು

ಸಿನಿಮಾದ ಉದ್ದ ಎಲ್ಲರಿಗೂ ಒಂದೇ. ಆಟದ್ದು ಹಾಗಲ್ಲ. ಒಬ್ಬ ನೇರ ಕಥೆ ಹಿಡಿದು ಓಡ್ತಾನೆ, ಇನ್ನೊಬ್ಬ ದಾರಿಯಲ್ಲಿ ಮೀನು ಹಿಡೀತಾ ಕೂರ್ತಾನೆ. ಅದಕ್ಕೇ 'ಹೌ ಲಾಂಗ್ ಟು ಬೀಟ್' ಎಂಬ ತಾಣ ಆಟಗಾರರಿಂದ ಸಮಯ ಕೇಳಿ, ಮುಖ್ಯ ಕಥೆಗೆ ಎಷ್ಟು, ಪಕ್ಕದ ಕೆಲಸಗಳೂ ಸೇರಿದರೆ ಎಷ್ಟು, ಒಂದನ್ನೂ ಬಿಡದೆ ಮುಗಿಸಿದರೆ ಎಷ್ಟು ಅಂತ ಬೇರೆಬೇರೆ ಲೆಕ್ಕ ಕೊಡುತ್ತೆ. 'ದಿ ವಿಚರ್ 3' ಮುಖ್ಯ ಕಥೆಗೆ ಸುಮಾರು 50 ಗಂಟೆ ಬೇಕು. ಎಲ್ಲವನ್ನೂ ಮುಗಿಸ್ತೀನಿ ಅಂದರೆ 150 ಗಂಟೆಯನ್ನೂ ದಾಟುತ್ತೆ.

ಇನ್ನು ಮೆಚ್ಚುಗೆಯ ಅಳತೆ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ವಿಮರ್ಶೆಗಳ ಅಂಕ ಒಟ್ಟು ಮಾಡಿ ನೂರಕ್ಕೆ ಇಷ್ಟು ಅಂತ ಕೊಡುತ್ತೆ. ಯಾವ ಪತ್ರಿಕೆಗೆ ಎಷ್ಟು ತೂಕ ಅನ್ನೋದನ್ನ ಮಾತ್ರ ಹೇಳಲ್ಲ. ಆಮೇಲೆ ಬಂದ ಓಪನ್‌ಕ್ರಿಟಿಕ್ ಸರಳ ಸರಾಸರಿ ತೆಗೆಯುತ್ತೆ. ಈ ಅಂಕಗಳನ್ನು ನಾವು ತಮಾಷೆ ಅಂದುಕೊಂಡರೂ ಉದ್ಯಮ ಹಾಗಂದುಕೊಂಡಿಲ್ಲ. 'ಫಾಲೌಟ್: ನ್ಯೂ ವೇಗಸ್' ಮಾಡಿದ ಅಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದಿದ್ದರೆ ಬೋನಸ್ ಸಿಗ್ತಿತ್ತು, ಬಂದಿದ್ದು 84 ಅಂತ ಅದರ ವಿನ್ಯಾಸಕ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದ್ದರು. ಒಂದೇ ಒಂದು ಅಂಕ!

ಅಂಕಪಟ್ಟಿ ಏನು ಹೇಳುತ್ತೆ

ಮೇಲ್ನೋಟಕ್ಕೆ ನನ್ನ ಅಳಿಯನ ಮಾತೇ ಸರಿ. ಇತ್ತೀಚಿನ ವರ್ಷಗಳಲ್ಲಿ ತಲೆ ಮೇಲೆ ಹೊತ್ತು ಮೆರೆಸಿದ ಆಟಗಳು ಯಾವುವು ನೋಡಿ. 'ರೆಡ್ ಡೆಡ್ ರಿಡೆಂಪ್ಶನ್ 2' (2018) 97 ಅಂಕ, 'ಎಲ್ಡನ್ ರಿಂಗ್' (2022) 96, 'ಬಾಲ್ಡರ್ಸ್ ಗೇಟ್ 3' (2023) 96. ಮೂರೂ ಕಥೆ ಮುಗಿಸಲು ಐವತ್ತು ಗಂಟೆ, ಅದಕ್ಕೂ ಮೇಲೆ ಕೇಳುವಂಥವು. 2014ರಲ್ಲಿ ಶುರುವಾದ 'ದಿ ಗೇಮ್ ಅವಾರ್ಡ್ಸ್' ವರ್ಷದ ಆಟವಾಗಿ ಆರಿಸಿದ್ದರಲ್ಲೂ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಶನ್', 'ವಿಚರ್ 3', 'ಬ್ರೆತ್ ಆಫ್ ದಿ ವೈಲ್ಡ್' ಥರದ ದೊಡ್ಡ ಕುಳಗಳೇ ಜಾಸ್ತಿ. ಎರಡು-ಮೂರು ಗಂಟೆಯಲ್ಲಿ ಮುಗಿಯುವ ಒಂದು ಆಟಕ್ಕೂ ಆ ಪ್ರಶಸ್ತಿ ಬಂದಿಲ್ಲ. 2016ರಲ್ಲಿ 'ಇನ್‌ಸೈಡ್' ಅಂತಿಮ ಪಟ್ಟಿಯ ತನಕ ಬಂತು, ಅಷ್ಟೇ.

ಆದರೆ ಪಟ್ಟಿಯನ್ನು ಸ್ವಲ್ಪ ಕೆದಕಿದರೆ ಬೇರೆಯದೇ ಕಾಣುತ್ತೆ. 'ಜರ್ನಿ' (2012) ಎರಡು ಗಂಟೆಯ ಆಟ. ಮರಳುಗಾಡು, ಒಂದು ಬೆಟ್ಟ, ಒಬ್ಬ ಅಪರಿಚಿತ ಜೊತೆಗಾರ, ಒಂದೂ ಮಾತಿಲ್ಲ. ಪ್ಲೇಸ್ಟೇಷನ್ 3ರಲ್ಲಿ ಅದಕ್ಕೆ ಬಂದ ಮೆಟಾಕ್ರಿಟಿಕ್ ಅಂಕ 92. ಪ್ಲೇಸ್ಟೇಷನ್ 4ರಲ್ಲಿ 'ವಿಚರ್ 3'ಕ್ಕೆ ಬಂದದ್ದೂ 92. ಎರಡು ಗಂಟೆಯದ್ದೂ ಐವತ್ತು ಗಂಟೆಯದ್ದೂ ತಕ್ಕಡಿಯಲ್ಲಿ ಸರಿಸಮ. 'ಪೋರ್ಟಲ್' (2007) ಮೂರು ಗಂಟೆಯದ್ದು, 90 ಅಂಕ. 'ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್' ಕೂಡ ಎರಡು-ಮೂರು ಗಂಟೆಯದ್ದೇ. ಅದು 2018ರ ಬಾಫ್ಟಾದಲ್ಲಿ 'ಬ್ರೆತ್ ಆಫ್ ದಿ ವೈಲ್ಡ್' ಅನ್ನು ಹಿಂದಿಕ್ಕಿ ಅತ್ಯುತ್ತಮ ಆಟ ಅನ್ನಿಸಿಕೊಂಡಿತು.

ನಮ್ಮ ಅಡುಗೆಮನೆಗೆ ಹತ್ತಿರದ ಉದಾಹರಣೆ ಬೇಕಾ? 'ವೆಂಬಾ' (2023). ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ. ಇಡ್ಲಿ ಬೇಯಿಸುವುದು, ಬಿರಿಯಾನಿ ಮಾಡುವುದೇ ಆಟ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. 'ಇನ್ನಷ್ಟು ಇರಬೇಕಿತ್ತು' ಅಂತ ಕೆಲವರು ಗೊಣಗಿದ್ದು ನಿಜ. ಆದರೂ 2024ರಲ್ಲಿ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ, ಸ್ವತಂತ್ರ ಆಟಗಳ ಉತ್ಸವದ ಮಹಾ ಬಹುಮಾನ ಎರಡೂ ಅದರ ಪಾಲಾದವು.

ಹಾಗಾದ್ರೆ ದೊಡ್ಡ ಆಟಗಳಿಗೆ ಅಂಕ ಜಾಸ್ತಿ ಯಾಕೆ?

ನನಗೆ ಕಾಣುವ ಕಾರಣ ಮೂರು.

ಒಂದು, ದುಡ್ಡು. ಅರವತ್ತು ಗಂಟೆಯ ಆಟ ಕಟ್ಟಲು ನೂರಾರು ಜನ, ಹಲವು ವರ್ಷ ಬೇಕು. ಅಷ್ಟು ತಾಕತ್ತು ಇರುವವರು ಈಗಾಗಲೇ ಪಳಗಿದವರು. ಚಿತ್ರ, ಸಂಗೀತ, ಬರವಣಿಗೆ ಎಲ್ಲದಕ್ಕೂ ಒಳ್ಳೆಯವರನ್ನೇ ತರ್ತಾರೆ. ಅಂಕ ಬರೋದು ಆ ಕಸುಬಿಗೆ. ಉದ್ದ ಅದರ ಜೊತೆಗೆ ಬರುವ ನೆಂಟ, ಅಷ್ಟೇ.

ಎರಡು, ಆಯ್ಕೆ. ನೂರು ಗಂಟೆಯ ಆಟದ ವಿಮರ್ಶೆಯನ್ನು ಸಂಪಾದಕರು ಸಾಮಾನ್ಯವಾಗಿ ಒಪ್ಪಿಸೋದು ಆ ಬಗೆಯ ಆಟ ಇಷ್ಟಪಡುವವರಿಗೇ. ಬೇಡದವರು ಹತ್ತು ಗಂಟೆಗೇ ಎದ್ದು ಹೋಗ್ತಾರೆ, ಅವರ ಅಭಿಪ್ರಾಯ ಲೆಕ್ಕಕ್ಕೇ ಬರಲ್ಲ.

ಮೂರು, ಗಡುವು. ವಿಮರ್ಶಕರ ಕೈಗೆ ಆಟ ಬರೋದು ಬಿಡುಗಡೆಗೆ ಕೆಲವೇ ದಿನ ಮುಂಚೆ. ಅಷ್ಟರಲ್ಲಿ ಓಡೋಡಿ ಆಡಿ ಬರೀಬೇಕು. ಮೊದಲರ್ಧದ ಬೆರಗೇ ತೂಕ ಪಡೆಯುತ್ತೆ. 'ಬಾಲ್ಡರ್ಸ್ ಗೇಟ್ 3'ರ ಮೂರನೇ ಅಂಕದ ತಾಂತ್ರಿಕ ತೊಡಕುಗಳ ಬಗ್ಗೆ ದೂರು ಜೋರಾಗಿದ್ದು ಆಟಗಾರರು ನಿಧಾನಕ್ಕೆ ಅಲ್ಲಿಗೆ ತಲುಪಿದ ಮೇಲೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಗೊತ್ತು. ರಾತ್ರಿಯಿಡೀ ಆಟ ನಡೆಯುತ್ತೆ, ನಡುವೆ ಅರ್ಧ ಊರು ಚಾಪೆ ಮೇಲೆ ನಿದ್ದೆ ಹೊಡೆದಿರುತ್ತೆ. ಬೆಳಿಗ್ಗೆ ಎದ್ದು ಎಲ್ಲರೂ "ಭಾರಿ ಆಟ" ಅಂತಾರೆ. ಎಲ್ಲಿ ತೂಕಡಿಸಿದೆವು ಅಂತ ಯಾರೂ ಹೇಳಲ್ಲ!

ಹರವು ಬೇರೆ, ತುಂಬಿರೋದು ಬೇರೆ

ಬರೀ ಹರವಿಗೇ ಅಂಕ ಸಿಗೋ ಹಾಗಿದ್ದರೆ 'ನೋ ಮ್ಯಾನ್ಸ್ ಸ್ಕೈ'ಗೆ (2016) ನೂರಕ್ಕೆ ನೂರು ಬರಬೇಕಿತ್ತು. 18ರ ಮುಂದೆ 18 ಸೊನ್ನೆ ಇಟ್ಟಷ್ಟು ಗ್ರಹಗಳಿವೆ ಅಂತ ಹೇಳಿಕೊಂಡಿದ್ದ ಆಟ ಅದು. ಪ್ಲೇಸ್ಟೇಷನ್‌ನಲ್ಲಿ ಬಂದದ್ದು 71. ಅಷ್ಟು ಗ್ರಹಗಳಲ್ಲಿ ಮಾಡೋಕೆ ಕೆಲಸ ಕಮ್ಮಿ ಇತ್ತು. ಆಮೇಲೆ ವರ್ಷಗಟ್ಟಲೆ ಉಚಿತವಾಗಿ ತುಂಬುತ್ತಾ ಬಂದ ಮೇಲೆ ಜನ ಮತ್ತೆ ಒಪ್ಪಿಕೊಂಡರು. 2022ರ ಜನವರಿಯಲ್ಲಿ 'ಡೈಯಿಂಗ್ ಲೈಟ್ 2' ತಯಾರಕರು "ಪೂರ್ತಿ ಮುಗಿಸಲು ಕನಿಷ್ಠ 500 ಗಂಟೆ ಬೇಕು" ಅಂತ ಹೆಮ್ಮೆಯಿಂದ ಹೇಳಿಕೊಂಡಾಗ ಚಪ್ಪಾಳೆಗಿಂತ ಬೈಗುಳವೇ ಜಾಸ್ತಿ ಬಿತ್ತು. ಮುಖ್ಯ ಕಥೆ ಸುಮಾರು 20 ಗಂಟೆ ಮಾತ್ರ ಅಂತ ಸಮಜಾಯಿಷಿ ಕೊಡಬೇಕಾಯಿತು.

ಹಾಗಂತ ಚಿಕ್ಕದು ಮಾಡಿದ ಕೂಡಲೇ ಒಳ್ಳೇದಾಗಲ್ಲ. 'ದಿ ಆರ್ಡರ್: 1886' (2015) ಕೆಲವೇ ಗಂಟೆಯಲ್ಲಿ ಮುಗಿಯುತ್ತೆ ಅಂತ ಬಿಡುಗಡೆಗೆ ಮುಂಚೆಯೇ ಗಲಾಟೆ ಆಯಿತು. ಬಂದ ಅಂಕ 63. ಆದರೆ ಅದೇ ಉದ್ದದ ಬೇರೆ ಆಟಗಳು ಮೆಚ್ಚುಗೆ ಪಡೆದಿವೆ. ಪೂರ್ತಿ ಬೆಲೆ ತೆತ್ತು ಆಡಿದವರಿಗೆ ಅಲ್ಲಿ ಕಂಡದ್ದು ಸುಂದರ ಚಿತ್ರಗಳ ನಡುವೆ ಹಳೇ ಗುಂಡಿನ ಕಾಳಗ. 'ಅಸಾಸಿನ್ಸ್ ಕ್ರೀಡ್' ಸರಣಿ ಬೆಳೆದು ಬೆಳೆದು ಸುಸ್ತಾಗಿ 2023ರಲ್ಲಿ 'ಮಿರಾಜ್' ಅನ್ನು ಬೇಕಂತಲೇ ಚಿಕ್ಕದಾಗಿ ತಂದಿತು. ಅಂಕ ಏರಲಿಲ್ಲ.

ನಮ್ಮೂರಿನ ಲೆಕ್ಕ

ಈ ಜಗಳ ಆಟಗಳಿಗೇ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕು ಮನೆತನದ ತ.ರಾ.ಸು. ಅವರನ್ನೇ ನೋಡಿ. 'ದುರ್ಗಾಸ್ತಮಾನ' ಅವರ ಬೃಹತ್ ಕಾದಂಬರಿ. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೆ. ಅದಕ್ಕೆ ಹೋಲಿಸಿದರೆ 'ಹಂಸಗೀತೆ' ಪುಟ್ಟದು. ಆದರೆ 1956ರಲ್ಲಿ ಹಿಂದಿಯ 'ಬಸಂತ್ ಬಹಾರ್' ಆಗಿ, 1975ರಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಕನ್ನಡ ಸಿನಿಮಾ ಆಗಿ ಊರೂರು ಸುತ್ತಿದ್ದು ಆ ಪುಟ್ಟದ್ದೇ. ಪ್ರಶಸ್ತಿ ದೊಡ್ಡದನ್ನು ಹುಡುಕಿಕೊಂಡು ಹೋಯಿತು, ನೆನಪು ಎರಡನ್ನೂ ಇಟ್ಟುಕೊಂಡಿತು.

ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯುವಾಗಲೂ ನಾವು ಮೊದಲು ಹೇಳೋದು "ಸಾವಿರಾರು ಹಾಡು ಗೊತ್ತಿತ್ತಂತೆ" ಅಂತಲೇ. ಎಣಿಕೆ ಹೇಳೋದು ಸುಲಭ. ಒಂದು ಹಾಡು ಯಾಕೆ ಚೆನ್ನಾಗಿದೆ ಅಂತ ಹೇಳೋದು ಕಷ್ಟ. ಗೇಮ್ ವಿಮರ್ಶೆಯಲ್ಲಿ ಗಂಟೆಯ ಲೆಕ್ಕ ನುಸುಳೋದೂ ಇದೇ ಸೋಮಾರಿತನದಿಂದ.

ನಮ್ಮ ಭಾವ ಮೊಳಕಾಲ್ಮುರು ರೇಷ್ಮೆ ಸೀರೆ ನೇಯುವವರು. ಅಳಿಯನ ಮೂವತ್ತು ಗಂಟೆಯ ವಾದ ಕೇಳಿ ಅವರು ಮಗ್ಗದಿಂದ ತಲೆ ಎತ್ತದೆ ಅಂದದ್ದು ಇಷ್ಟೇ: "ಉದ್ದ ಎಲ್ಲಾ ಸೀರೆಗೂ ಒಂದೇ ಕಣಪ್ಪಾ. ಕೊಳ್ಳೋರು ಸೆರಗು, ಅಂಚು ನೋಡ್ತಾರೆ." ಗೇಮ್ ಅಂದರೇನು ಅಂತ ಸರಿಯಾಗಿ ಗೊತ್ತಿಲ್ಲದ ಮನುಷ್ಯ, ನಾನು ಓದಿದ ಎಷ್ಟೋ ವಿಶ್ಲೇಷಣೆಗಿಂತ ನೇರವಾಗಿ ಹೇಳಿಬಿಟ್ಟರು.

ಉದ್ದದ ಬೆಲೆ ಕೊಡೋರು ಯಾರು?

ಇಲ್ಲೊಂದು ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತೆ. 'ರೆಡ್ ಡೆಡ್ 2' ಹಿಂದೆ ದುಡಿದ ರಾಕ್‌ಸ್ಟಾರ್ ಸ್ಟುಡಿಯೋಗಳಲ್ಲಿ ಬೆಂಗಳೂರಿನದ್ದೂ ಒಂದು. ಆ ಆಟ ಬಿಡುಗಡೆಗೆ ಮುಂಚೆ ಕಂಪನಿಯ ಸಹಸ್ಥಾಪಕ ಡ್ಯಾನ್ ಹೌಸರ್ ವಾರಕ್ಕೆ 100 ಗಂಟೆ ಕೆಲಸದ ಮಾತಾಡಿ ವಿವಾದ ಆಯಿತು. ಅದು ಬರವಣಿಗೆಯ ಸಣ್ಣ ತಂಡದ ಮೂರು ವಾರದ ಮಾತು ಅಂತ ಆಮೇಲೆ ಸ್ಪಷ್ಟನೆ ಕೊಟ್ಟರು. ಏನೇ ಇರಲಿ, ನಾವು ಕೇಳುವ ಪ್ರತಿ ಹೆಚ್ಚುವರಿ ಗಂಟೆಯನ್ನೂ ಯಾರೋ ಒಬ್ಬರು ಕೂತು ತಯಾರಿಸಬೇಕು. ಒಬ್ಬನೇ ಕೂತು ಆಟ ಕಟ್ಟುವ ಮೊಳಕಾಲ್ಮುರಿನ ಹುಡುಗನಿಗೆ ಅದು ವರ್ಷಗಳ ಲೆಕ್ಕ.

ಹಾಗಂತ ದುಡ್ಡಿನ ಪ್ರಶ್ನೆ ಸುಳ್ಳಲ್ಲ. ತಿಂಗಳಿಗೆ ಒಂದೇ ಆಟ ಕೊಳ್ಳಬಲ್ಲವನು ಗಂಟೆ ಎಣಿಸಿದರೆ ಅದನ್ನ ತಪ್ಪು ಅನ್ನೋಕಾಗಲ್ಲ. ವಿಮರ್ಶಕರಿಗೆ ಆಟ ಪುಕ್ಕಟೆ ಸಿಗುತ್ತೆ, ಅವರಿಗೆ ಕಮ್ಮಿ ಇರೋದು ಸಮಯ. ನಮ್ಮ ಹುಡುಗರ ಹತ್ತಿರ ಸಮಯ ಇದೆ, ದುಡ್ಡಿಲ್ಲ. ಅದಕ್ಕೇ ಎರಡು ಗಂಟೆಯ ಆಟಕ್ಕೆ ವಿಮರ್ಶಕರು 90 ಕೊಟ್ಟರೂ ಕೊಳ್ಳುವವರು ಮುಖ ತಿರುವೋದು. ಇಬ್ಬರ ಬಡತನವೂ ಬೇರೆ ಬೇರೆ.

ಒಟ್ಟಾರೆ ಹೇಳೋದಾದ್ರೆ, ಉದ್ದಕ್ಕೂ ಮೆಚ್ಚುಗೆಗೂ ನಂಟು ಕಾಣುತ್ತೆ, ಆದರೆ ಉದ್ದವೇ ಕಾರಣ ಅನ್ನೋಕೆ ಆಧಾರ ಸಾಲದು. ಪ್ರಶಸ್ತಿಗಳು ದೊಡ್ಡದರ ಕಡೆ ವಾಲುತ್ತವೆ, ವಿಮರ್ಶೆಯ ಅಂಕಗಳು ಅಷ್ಟೊಂದು ವಾಲಲ್ಲ. ಹರವು ಹಿಡಿದಷ್ಟನ್ನೂ ತುಂಬೋಕೆ ಆಗದಿದ್ದಾಗಲೇ ಏಟು ಬೀಳೋದು.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನ ಕೋಟೆಯಲ್ಲಿ ಸದ್ಯಕ್ಕೆ ಏಳು ಸುತ್ತೂ ಎದ್ದಿವೆ, ಒಳಗೆ ಒಬ್ಬ ಮನುಷ್ಯನೂ ಇಲ್ಲ. "ಒಂದೇ ಬಾಗಿಲು, ಒಬ್ಬ ಕಾವಲುಗಾರ, ಒಂದು ರಾತ್ರಿ. ಅಷ್ಟನ್ನ ದೀಪಾವಳಿಯೊಳಗೆ ಮುಗಿಸೋಕಾಗುತ್ತಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಗುತ್ತೆ ಮಾವ. ಆದ್ರೆ ಒಂದು ಗಂಟೇಲಿ ಮುಗ್ದೋಗುತ್ತೆ. ಆಡಿದವರು ದುಡ್ಡು ವಾಪಸ್ ಕೇಳಿದ್ರೆ?" ಅಂದ.

"ನೀನು ವಾಪಸ್ ತಗೊಂಡ್ಯಲ್ಲ, ಮೊದಲು ಅದನ್ನ ಮತ್ತೆ ಕೊಂಡುಕೋ" ಅಂದೆ. ಕೊಂಡನಾ ಇಲ್ವಾ ಗೊತ್ತಿಲ್ಲ. ಕಾವಲುಗಾರನಿಗೆ ಮಾತ್ರ ಹೆಸರು ಹುಡುಕ್ತಿದ್ದಾನಂತೆ, ಅಕ್ಕ ಹೇಳಿದಳು.