ೞ ಕಳೆದುಹೋದ ಕಲ್ಲು: ಶಾಸನಪಾಠಕ್ಕೆ ಯಾವ ತಂತ್ರಾಂಶ?

2007ರಲ್ಲಿ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ, ದೇವಸ್ಥಾನದ ಹಿಂದೆ ಬಿದ್ದಿದ್ದ ವೀರಗಲ್ಲೊಂದನ್ನು ಓದಿದೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಹುಡುಕಿದರೆ ಅದು ಇರಲಿಲ್ಲ. ಶಾಸನ ಓದುವ ಹುಚ್ಚು ಹತ್ತಿದ ಹೊಸದು. ಅಪ್ರಕಟಿತ ಕಲ್ಲು ಸಿಕ್ಕ ಖುಷಿಯಲ್ಲಿ ಮೈದಾಹಿಟ್ಟು ಸವರಿ ಒಂದಷ್ಟು ಫೋಟೊ ತೆಗೆದು, ಕಲ್ಲಿನ ಮುಂದೆಯೇ ಕೂತು ಹನ್ನೊಂದು ಸಾಲು ನೋಟ್‌ಬುಕ್ಕಿಗೆ ಬರೆದುಕೊಂಡೆ. ಮನೆಗೆ ಬಂದು ಆಗ ನನ್ನ ಬಳಿ ಇದ್ದ ಡಿಟಿಪಿ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ಆ ಫಾಂಟಿನಲ್ಲಿ ೞ ಇರಲಿಲ್ಲ. "ಓದುವವರಿಗೆ ಗೊತ್ತಾಗುತ್ತೆ ಬಿಡು" ಅಂದುಕೊಂಡು ಎಲ್ಲ ಕಡೆ ಳ ಹಾಕಿಬಿಟ್ಟೆ. ಟೈಪ್ ಆದ ಮೇಲೆ ನೋಟ್‌ಬುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಮನೆ ಬದಲಾಯಿಸುವಷ್ಟರಲ್ಲಿ ಅದು ಎಲ್ಲೋ ಹೋಯಿತು.

2021ರಲ್ಲಿ ಮತ್ತೆ ಆ ಊರಿಗೆ ಹೋದೆ. ದೇವಸ್ಥಾನ ಜೀರ್ಣೋದ್ಧಾರವಾಗಿತ್ತು. ಕಲ್ಲನ್ನು ಹೊಸ ಗೋಡೆಯ ಪಾಯಕ್ಕೆ ಸೇರಿಸಿದ್ದಾರೆ, ಅಕ್ಷರದ ಮುಖ ಒಳಗೆ, ಮೇಲೆ ಸಿಮೆಂಟು. ಉಳಿದಿದ್ದು ನನ್ನ ಹಳೆಯ ಕಡತ ಮತ್ತು ಮಸುಕಾದ ನಾಲ್ಕು ಫೋಟೊ. ಕಡತ ತೆರೆದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೇಗೋ ಪರಿವರ್ತಕ ಹುಡುಕಿ ಕನ್ನಡಕ್ಕೆ ತಂದೆ. ಪಾಠ ಬಂತು, ಆದರೆ ಎಲ್ಲವೂ ಳ. ಕಲ್ಲಿನಲ್ಲಿ ಎಲ್ಲಿ ೞ ಇತ್ತು, ಎಲ್ಲಿ ಶಾಸನ ಕೊರೆದವನೇ ಳ ಕೊರೆದಿದ್ದ ಅನ್ನುವುದನ್ನು ಈಗ ಯಾವ ಪರಿವರ್ತಕವೂ ಹೇಳಲಾರದು.

"ಶಾಸನದ ಲೇಖನ, ಪುಸ್ತಕ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ಹೊಸಬರು ಕೇಳುತ್ತಿರುತ್ತಾರೆ. ಯಾರೇ ಕೇಳಿದರೂ ನನಗೆ ಮೊದಲು ನೆನಪಾಗುವುದು ಈ ಕಲ್ಲು.

ಒಂದು ಅಕ್ಷರಕ್ಕೆ ಇಷ್ಟು ರಗಳೆ ಯಾಕೆ?

ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಆಳುವುದು, ಆೞ್ ಎಂದರೆ ಮುಳುಗುವುದು. ರ ಮತ್ತು ಱ ಕೂಡ ಹಾಗೆಯೇ: ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಹಲ್ಮಿಡಿ ಮತ್ತು ಆತಕೂರು ಶಾಸನಗಳಲ್ಲಿ ಬರುವ 'ಬಾಳ್ಗೞ್ಚು' ಎಂಬ ವೀರನ ದತ್ತಿಯ ಹೆಸರನ್ನೇ ನೋಡಿ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಎರಡೂ ಕಡೆ ಒಂದೇ ಅಕ್ಷರ ಹಾಕಿದರೆ ಪದ ಬಿಡಿಸುವುದು ಹೇಗೆ?

ಅರ್ಥವನ್ನಾದರೂ ಸಂದರ್ಭ ನೋಡಿ ಊಹಿಸಬಹುದು. ಕಾಲನಿರ್ಣಯದ ಪ್ರಶ್ನೆ ಅದಕ್ಕಿಂತ ದೊಡ್ಡದು. ತೇದಿ ಇಲ್ಲದ ಶಾಸನಕ್ಕೆ ಕಾಲ ಹೇಳುವಾಗ ಲಿಪಿಯ ಜೊತೆ ಭಾಷೆಯನ್ನೂ ನೋಡುತ್ತೇವೆ. ಹಳೆಯ ಶಾಸನಗಳಲ್ಲಿ ೞ ತನ್ನ ಜಾಗದಲ್ಲಿ ಗಟ್ಟಿಯಾಗಿರುತ್ತದೆ. ನಂತರದ ಶತಮಾನಗಳಲ್ಲಿ ಅದರ ಜಾಗಕ್ಕೆ ಳ ಬರುತ್ತದೆ, ವ್ಯಂಜನದ ಹಿಂದೆ ಇದ್ದರೆ ರ ಬರುತ್ತದೆ. ಕೞ್ಚು ಕರ್ಚು ಆಗುವುದು ಹೀಗೆ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಬೇರ್ಪಡಿಸಿ, ರಳ ಬರುವ ಪದಗಳನ್ನು ಪಟ್ಟಿ ಮಾಡಿಯೇ ಹೇಳಬೇಕಾಯಿತು. ಆ ಹೊತ್ತಿಗೆ ಜನರ ಬಾಯಲ್ಲಿ ಅದು ಕಲೆಸಿಹೋಗಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಹಾಗಾಗಿ ಕಲ್ಲಿನ ಮೇಲೆ ೞ ಇದೆಯೋ ಳ ಇದೆಯೋ ಅನ್ನುವುದೇ ಒಂದು ಪುರಾವೆ. ನಾನು ಟೈಪ್ ಮಾಡುವಾಗ ಅಳಿಸಿದ್ದು ಆ ಪುರಾವೆಯನ್ನು.

ಅಚ್ಚಿನ ಮೊಳೆಯಿಂದ ಯುನಿಕೋಡ್‌ಗೆ

ಬೇಜಾರಿನ ಸಂಗತಿ ಅಂದರೆ, ನನಗಿಂತ ನೂರು ವರ್ಷ ಮೊದಲಿನವರಿಗೆ ಈ ಸಮಸ್ಯೆ ಇರಲಿಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿ ೞ, ಱ ಎರಡೂ ಇವೆ. ಮೊಳೆ ಇಲ್ಲದಿದ್ದರೆ ಹೊಸದಾಗಿ ಎರಕ ಹೊಯ್ಯಿಸುತ್ತಿದ್ದರು, ಅಷ್ಟೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಎಪಿಗ್ರಾಫಿಯ ಕರ್ನಾಟಿಕ ಆರಂಭಿಸಿದಾಗ ಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಿದರು. ಒಂದೇ ಪಾಠ ಎರಡು ಲಿಪಿಯಲ್ಲಿದ್ದರೆ ಒಂದರ ಅಚ್ಚಿನ ತಪ್ಪನ್ನು ಇನ್ನೊಂದು ಹಿಡಿದುಕೊಡುತ್ತದೆ. ಎಂಜಿನಿಯರ್ ಕಣ್ಣಿಗೆ ಅದು ಒಳ್ಳೆಯ ವ್ಯವಸ್ಥೆ.

ಡಿಟಿಪಿ ಬಂದಾಗ ಈ ಎಚ್ಚರ ತಪ್ಪಿತು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಒಂದು ಬೈಟಿಗೆ ಸಿಗುವುದು 256 ಸ್ಥಾನ. ಅಷ್ಟರಲ್ಲೇ ತಲಕಟ್ಟು, ಗುಣಿತ, ಒತ್ತಕ್ಷರ ಎಲ್ಲ ಹಿಡಿಸಬೇಕು. ದಿನಪತ್ರಿಕೆಗೆ, ಮದುವೆ ಪತ್ರಿಕೆಗೆ ಬೇಡದ ೞ ಕೈಬಿಟ್ಟರೆ ಕೇಳುವವರು ಯಾರು? ಅದಕ್ಕಿಂತ ದೊಡ್ಡ ತೊಡಕೆಂದರೆ ಕಡತದ ಒಳಗೆ ಕನ್ನಡವೇ ಇರುವುದಿಲ್ಲ, ಫಾಂಟ್ ಹೋದರೆ ಪಾಠವೂ ಹೋಯಿತು.

ಯುನಿಕೋಡ್ ಇದನ್ನು ಬದಲಾಯಿಸಿತು. ಪ್ರತಿ ಕನ್ನಡ ಅಕ್ಷರಕ್ಕೂ ಫಾಂಟಿನ ಹಂಗಿಲ್ಲದ ತನ್ನದೇ ಸಂಖ್ಯೆ. ೞ ಅದರಲ್ಲಿದೆ, ಆದರೆ ಅದರ ಕತೆ ತಮಾಷೆಯಾಗಿದೆ. ಅದಕ್ಕೆ ತಪ್ಪಾಗಿ 'ಕನ್ನಡ ಲೆಟರ್ ಎಫ್ಎ' ಎಂಬ ಹೆಸರು ಬಿತ್ತು, ಅಂದರೆ 'ಫ'! ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವಂತಿಲ್ಲ ಎಂಬುದು ಯುನಿಕೋಡ್ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರೂ ಸೇರಿಕೊಂಡಿದೆ. ಅಕ್ಷರ ಹುಡುಕುವ ಪಟ್ಟಿಯಲ್ಲಿ ೞ ಸಿಗದೆ ಒದ್ದಾಡುವವರು 'ಎಫ್ಎ' ಹುಡುಕಿ, ಸಿಗುತ್ತದೆ. ಶಾಸನದ ಆರಂಭದಲ್ಲಿ ಬರುವ ಸಿದ್ಧಂ ಚಿಹ್ನೆ 2018ರಲ್ಲಿ ಸೇರಿತು. ಹಳೆಯ ಬರಹದ ನಕಾರಪೊಲ್ಲು, ಅಂದರೆ ಸ್ವರವಿಲ್ಲದ ನಕಾರದ ವಿಶೇಷ ರೂಪ, 2021ರಲ್ಲಿ ಸೇರಿತು. ಇವು ನಮ್ಮಂಥವರಿಗಾಗಿಯೇ ಬಂದ ಅಕ್ಷರಗಳು.

ಗಣಿತಕ್ಕೆ ಹುಟ್ಟಿದ್ದು, ಶಾಸನಕ್ಕೂ ಒದಗಿದ್ದು

ಅತ್ತ ಅಮೆರಿಕದಲ್ಲಿ ಡೊನಾಲ್ಡ್ ಕನೂತ್ ಎಂಬ ಗಣಕ ವಿಜ್ಞಾನಿಗೆ 1977ರಲ್ಲಿ ತನ್ನದೇ ಪುಸ್ತಕದ ಕರಡಚ್ಚು ನೋಡಿ ಸಿಟ್ಟು ಬಂತು. ಹಿಂದಿನ ಆವೃತ್ತಿ ಸೀಸದ ಮೊಳೆಯಲ್ಲಿ ಚೆನ್ನಾಗಿ ಬಂದಿತ್ತು, ಹೊಸ ಫೋಟೊ ತಂತ್ರದಲ್ಲಿ ಅಂದ ಕೆಟ್ಟಿತ್ತು. ಅದಕ್ಕೆ ಅವರು ತಾವೇ ಒಂದು ಅಕ್ಷರಜೋಡಣೆ ವ್ಯವಸ್ಥೆ ಬರೆದರು, ಅದೇ ಟೆಕ್. ಅದರ ಮೇಲೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ಇವತ್ತಿಗೂ ಗಣಿತ, ಭೌತಶಾಸ್ತ್ರದ ಪ್ರಬಂಧಗಳು ಹೆಚ್ಚಾಗಿ ಅದರಲ್ಲೇ ತಯಾರಾಗುತ್ತವೆ.

ಇದರಲ್ಲಿ ಪುಟವನ್ನು ನೋಡುತ್ತ ಟೈಪ್ ಮಾಡುವುದಿಲ್ಲ. ಸಾದಾ ಪಠ್ಯ ಕಡತದಲ್ಲಿ "ಇದು ಶೀರ್ಷಿಕೆ, ಇದು ಅಡಿಟಿಪ್ಪಣಿ" ಎಂದು ಗುರುತು ಹಾಕಿದರೆ ಯಂತ್ರ ಪುಟ ಕಟ್ಟುತ್ತದೆ. ಪಾಠಾಂತರಗಳಿರುವ ಗ್ರಂಥಸಂಪಾದನೆಗೆ ಜಾನ್ ಲವನ್ಯಿನೊ ಮತ್ತು ಸಂಸ್ಕೃತ ವಿದ್ವಾಂಸ ಡೊಮಿನಿಕ್ ವುಜಾಸ್ಟಿಕ್ ಸೇರಿ ಎಡ್‌ಮ್ಯಾಕ್ ಎಂಬ ಸಲಕರಣೆ ಮಾಡಿದರು. ಅದರ ಇಂದಿನ ವಂಶಸ್ಥ ರೆಲೆಡ್‌ಮ್ಯಾಕ್. ಕನ್ನಡಕ್ಕೆ ದಾರಿ ಸರಾಗವಾಗಿದ್ದು 2004ರಲ್ಲಿ ಜೊನಾಥನ್ ಕ್ಯೂ ಮಾಡಿದ ಜೀಟೆಕ್‌ನಿಂದ. ಯುನಿಕೋಡ್ ಪಠ್ಯ, ಕಂಪ್ಯೂಟರಿನಲ್ಲಿರುವ ಓಪನ್‌ಟೈಪ್ ಫಾಂಟು, ಎರಡನ್ನೂ ಅದು ನೇರವಾಗಿ ತೆಗೆದುಕೊಳ್ಳುತ್ತದೆ.

ಹಾಗಾದರೆ ಯಾವುದು?

ವರ್ಡ್ ಅಥವಾ ಲಿಬ್ರೆಆಫೀಸ್ ಎಲ್ಲರಿಗೂ ಗೊತ್ತು. ಸಂಪಾದಕರು ಕೇಳುವುದೂ ಅದನ್ನೇ. ಫಾಂಟಿನಲ್ಲಿ ೞ ಇಲ್ಲದಿದ್ದರೆ ಬೇರೆ ಫಾಂಟಿನಿಂದ ಎರವಲು ತಂದು ತೋರಿಸುತ್ತವೆ. ಅಂದ ಕೆಟ್ಟರೂ ಅಕ್ಷರ ಉಳಿಯುತ್ತದೆ. ತೊಂದರೆ ಬರುವುದು ಸಾಲಿನ ಸಂಖ್ಯೆಯಲ್ಲಿ. ಅವು ಎಣಿಸುವುದು ಪುಟದ ಸಾಲನ್ನು, ನಮಗೆ ಬೇಕಾದದ್ದು ಕಲ್ಲಿನ ಸಾಲು. ಕಲ್ಲಿನಲ್ಲಿ ಏಳನೇ ಸಾಲು ಪದದ ನಡುವೆ ಶುರುವಾಗಬಹುದು. ಅದನ್ನು ಕೈಯಲ್ಲಿ ಟೈಪ್ ಮಾಡಿದರೆ ಪದ ಎರಡು ತುಂಡಾಗಿ, ಹುಡುಕಿದರೆ ಸಿಗುವುದಿಲ್ಲ.

ಇನ್‌ಡಿಸೈನ್ ಪುಸ್ತಕದ ವಿನ್ಯಾಸಕ್ಕೆ ಸೊಗಸು. ತಟ್ಟೆಚಿತ್ರ, ನಕ್ಷೆ ಜಾಸ್ತಿ ಇದ್ದರೆ ಅದೇ ಸರಿ. ಆದರೆ ದುಡ್ಡು ಕಟ್ಟಬೇಕು, ಕಡತ ಅದರೊಳಗೇ ಉಳಿಯುತ್ತದೆ. ಪಾಠ ಸಿದ್ಧವಾದ ಮೇಲೆ ಅಲ್ಲಿಗೆ ಹೋಗಿ, ಪಾಠವನ್ನು ಅಲ್ಲೇ ಹುಟ್ಟಿಸಬೇಡಿ.

ನಾನು ಆರಿಸಿಕೊಂಡದ್ದು ಲೇಟೆಕ್, ಜೀಟೆಕ್ ಯಂತ್ರದ ಮೇಲೆ. "ಇಲ್ಲಿ ಏಳನೇ ಸಾಲು, ಪದ ಮುರಿದಿಲ್ಲ" ಅಂತ ಒಂದು ಗುರುತು, "ಈ ಅಕ್ಷರ ಸಂದೇಹ" ಅಂತ ಇನ್ನೊಂದು, "ಇದು ನಾನು ತುಂಬಿದ್ದು" ಅಂತ ಮತ್ತೊಂದು. ಅಚ್ಚಿನಲ್ಲಿ ಚೌಕ ಕಂಸ ಬೇಕೋ ನಕ್ಷತ್ರ ಬೇಕೋ ಅನ್ನುವುದನ್ನು ಒಂದೇ ಜಾಗದಲ್ಲಿ ಹೇಳಿದರೆ ಸಾಕು. ಪತ್ರಿಕೆ ಬದಲಾದರೆ ಆ ಒಂದು ಸಾಲು ಬದಲಾಯಿಸುತ್ತೇನೆ. ಇನ್ನೂ ಶಿಸ್ತು ಬೇಕೆನ್ನುವವರಿಗೆ ಎಪಿಡಾಕ್ ಇದೆ, ಶಾಸನಗಳಿಗೆಂದೇ ರೂಪಿಸಿದ ಎಕ್ಸ್ಎಂಎಲ್ ಪದ್ಧತಿ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳನ್ನು ಕಲೆಹಾಕುವ ಧರ್ಮ ಎಂಬ ಯುರೋಪಿನ ಯೋಜನೆ ಅದನ್ನೇ ಬಳಸಿತು.

ಲೇಟೆಕ್‌ನಲ್ಲಿ ಕಷ್ಟ ಇಲ್ಲ ಅನ್ನುವುದಿಲ್ಲ. ಮೊದಲ ತಿಂಗಳು ತಲೆ ಕೆಡುತ್ತದೆ. ಒಂದು ಪುಷ್ಪಾವರಣ ಮುಚ್ಚಲು ಮರೆತರೆ ನಲವತ್ತು ಸಾಲು ಬೈಗುಳ. ಅದಕ್ಕಿಂತ ಅಪಾಯ ಇನ್ನೊಂದಿದೆ. ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಅದು ವರ್ಡ್‌ನ ಹಾಗೆ ಎರವಲು ತರುವುದಿಲ್ಲ. ಪುಟದಲ್ಲಿ ಚೌಕವೋ ಖಾಲಿ ಜಾಗವೋ ಬಿಟ್ಟು, ಎಚ್ಚರಿಕೆಯನ್ನು ಲಾಗ್ ಕಡತದಲ್ಲಿ ಬರೆದು ಸುಮ್ಮನಾಗುತ್ತದೆ. ಲಾಗ್ ಓದುವ ಅಭ್ಯಾಸ ಇಲ್ಲದಿದ್ದರೆ 2007ರ ನನ್ನ ತಪ್ಪನ್ನೇ ಹೊಸ ತಂತ್ರಾಂಶದಲ್ಲಿ ಮಾಡಿದಂತೆ.

ಹಾಗಾಗಿ ಯಾವುದೇ ತಂತ್ರಾಂಶ ಹಿಡಿಯುವ ಮುಂಚೆ ಈ ಮೂರು ಪರೀಕ್ಷೆ ಮಾಡಿ.

ಒಂದು, ಬಾಳ್, ಬಾೞ್, ಅರಿ, ಅಱಿ, ಜೊತೆಗೆ ಜಿಹ್ವಾಮೂಲೀಯ ೱ, ಉಪಧ್ಮಾನೀಯ ೲ ಇಷ್ಟನ್ನೂ ಟೈಪ್ ಮಾಡಿ ನೋಡಿ. ನೋಟೊ ಸೆರಿಫ್ ಕನ್ನಡದಂಥ ಮುಕ್ತ ಫಾಂಟಿನಿಂದ ಶುರು ಮಾಡಬಹುದು.

ಎರಡು, ಪಿಡಿಎಫ್ ಮಾಡಿ, ಅದರಿಂದ ಕಾಪಿ ಮಾಡಿ ಬೇರೆಡೆ ಅಂಟಿಸಿ. ಕಣ್ಣಿಗೆ ಚೆನ್ನಾಗಿ ಕಂಡ ಪುಟದಿಂದ ಒತ್ತಕ್ಷರ, ಗುಣಿತ ಹಿಂದುಮುಂದಾಗಿ ಬರಬಹುದು. ನನಗೆ ಬಂದಿದೆ. ಆದ್ದರಿಂದ ಪಿಡಿಎಫ್ ಒಂದನ್ನೇ ನಂಬಿ ಇಡಬೇಡಿ, ಮೂಲ ಪಠ್ಯ ಕಡತವನ್ನೂ ಜೊತೆಗೆ ಇಡಿ.

ಮೂರು, ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಆ ತಂತ್ರಾಂಶ ನಾಳೆ ಇಲ್ಲ ಅಂದುಕೊಳ್ಳಿ. ಪಾಠ ಓದಲು ಬಂದರೆ ಸರಿ.

"ಹುಡುಕುವವರು ಳ ಅಂತಲೇ ಟೈಪ್ ಮಾಡ್ತಾರಲ್ಲ, ೞ ಇಟ್ಟರೆ ಸಿಗೋದೇ ಇಲ್ವಲ್ಲ" ಅಂತ ಗೆಳೆಯರೊಬ್ಬರು ಕೇಳಿದರು. ನಿಜ. ಅದಕ್ಕೆ ಹುಡುಕಾಟಕ್ಕೆಂದೇ ೞ ಜಾಗಕ್ಕೆ ಳ, ಱ ಜಾಗಕ್ಕೆ ರ ಹಾಕಿದ ಇನ್ನೊಂದು ಪ್ರತಿಯನ್ನು ಯಂತ್ರದಿಂದಲೇ ಮಾಡಿಸುತ್ತೇನೆ, ಕ್ಷಣದ ಕೆಲಸ. ಆದರೆ ಳ ಇರುವ ಪ್ರತಿಯಿಂದ ೞ ಇರುವ ಪ್ರತಿಗೆ ಹೋಗಲು ಮತ್ತೆ ಕಲ್ಲಿನ ಮುಂದೆಯೇ ಕೂರಬೇಕು.

ಆ ವೀರಗಲ್ಲಿನ ಪಾಠವನ್ನು ಕಳೆದ ವರ್ಷ ಮತ್ತೆ ಹೊಂದಿಸಿದೆ. ಹನ್ನೊಂದು ಸಾಲಿನಲ್ಲಿ ಳ ಒಂಬತ್ತು ಕಡೆ ಬರುತ್ತದೆ. ಹಳೆಯ ಫೋಟೊ ಹಿಗ್ಗಿಸಿ, ಬೆಳಕು ಬದಲಿಸಿ ನೋಡಿದಾಗ ಎರಡು ಕಡೆ ೞ ಎಂದು ಖಚಿತವಾಯಿತು, ಮೂರು ಕಡೆ ಳ ಎಂದು ಖಚಿತವಾಯಿತು. ಉಳಿದ ನಾಲ್ಕಕ್ಕೆ ಸಂದೇಹದ ಗುರುತು ಹಾಕಿ, ಕೆಳಗೆ ಟಿಪ್ಪಣಿ ಬರೆದಿದ್ದೇನೆ: ಈ ಸಂದೇಹ ಕಲ್ಲು ಸವೆದು ಬಂದದ್ದಲ್ಲ, ಪಾಠಕಾರನ ಫಾಂಟಿನಿಂದ ಬಂದದ್ದು. ನಿಮ್ಮ ಬಳಿ ಹಳೆಯ ಡಿಟಿಪಿ ಕಡತಗಳಲ್ಲಿ ಅಪ್ರಕಟಿತ ಪಾಠಗಳಿದ್ದರೆ, ಕಲ್ಲು ಇನ್ನೂ ಹೊರಗೆ ಇರುವಾಗಲೇ ಒಮ್ಮೆ ಹೋಗಿ ತಾಳೆ ನೋಡಿ ಬನ್ನಿ.